ಒದ್ದೆ ಇಲ್ಲಿ, ನೀರು ಎಲ್ಲಿ? ಬೆಂಗಳೂರಿನ ಹಳೆ ಸಾಲುಮನೆಗಳ ದೋಷ ಪತ್ತೆ

(ಚಾಮರಾಜಪೇಟೆಯಲ್ಲಿ ಹಳೆ ಮನೆಗಳ ಮಾಲೀಕರೂ ಬಾಡಿಗೆದಾರರೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಆಮೇಲೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಗೋಡೆ ಹಂಚಿಕೊಂಡ ಮನೆಗಳ ಬಗ್ಗೆ. ನಿಮ್ಮ ನಡುಮನೆಯ ಗೋಡೆಯೇ ಪಕ್ಕದವರ ಅಡುಗೆಮನೆಯ ಗೋಡೆ. ಬಳೆಪೇಟೆ, ಅರಳೆಪೇಟೆ, ಚಿಕ್ಕಪೇಟೆಯ ಬೀದಿಗಳಲ್ಲಿ ಇಂಥ ಮನೆಗಳು ಸಾಲುಸಾಲಾಗಿವೆ. ನಾವು ಕೂತಿರುವ ಚಾಮರಾಜಪೇಟೆ 1892ರ ಬಡಾವಣೆ. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕಾಯಿತು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಅಲ್ಲೂ ದೊಡ್ಡ ಮನೆಗಳ ನಡುವೆ ವಠಾರಗಳು ಎದ್ದವು. ಒಂದೇ ಉದ್ದನೆಯ ಮಾಳಿಗೆ, ಕೆಳಗೆ ಐದಾರು ಸಂಸಾರ.

ಇನ್ನೊಂದು ಬಗೆಯ ಸಾಲುಮನೆಯೂ ಇದೆ. ಇದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಣ್ಣತಮ್ಮಂದಿರು ಭಾಗ ಮಾಡಿಕೊಂಡಾಗ ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮನೆ ಮಾಡಿರುತ್ತಾರೆ. ಆ ನಡುಗೋಡೆಗೆ ಎಷ್ಟೋ ಕಡೆ ಪಾಯವೇ ಇರುವುದಿಲ್ಲ. ನೆಲದ ಮೇಲೆ ನಾಲ್ಕೂವರೆ ಇಂಚಿನ ಇಟ್ಟಿಗೆ ಜೋಡಿಸಿ ಮೇಲೆತ್ತಿರುತ್ತಾರೆ. ನಿಮ್ಮ ಮನೆ ಹೀಗೆ ಭಾಗವಾದ ಮನೆಯಾ ಅಂತ ಮೊದಲು ತಿಳಿದುಕೊಳ್ಳಿ. ಹಳೆಯ ಪಾಲುಪತ್ರದ ಜೊತೆ ನಕ್ಷೆ ಇದ್ದರೆ ಹುಡುಕಿ ತೆಗೆಯಿರಿ. ಎಂಜಿನಿಯರ್ ಬಂದಾಗ ಅದು ತುಂಬ ಕೆಲಸಕ್ಕೆ ಬರುತ್ತದೆ.

ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಇಂಥ ಮನೆಗಳಲ್ಲಿ ತೊಂದರೆ ಕಾಣಿಸುವ ಜಾಗ ಬೇರೆ, ಅದು ಹುಟ್ಟುವ ಜಾಗ ಬೇರೆ. ಎಷ್ಟೋ ಸಲ ಅದು ಹುಟ್ಟುವುದು ಪಕ್ಕದ ಮನೆಯಲ್ಲಿ, ಇಲ್ಲವೇ ಬೀದಿಯಲ್ಲಿ. ಕಂಡ ಜಾಗಕ್ಕೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಮುಂದಿನ ಮಳೆಗಾಲಕ್ಕೆ ಅದೇ ಕಲೆ ಇನ್ನೂ ಅಗಲವಾಗಿ ವಾಪಸ್ ಬರುತ್ತದೆ. ದುಡ್ಡು ಇದ್ದವರು ಮತ್ತೆ ಬಳಿಸುತ್ತಾರೆ. ಇಲ್ಲದವರು ಅದೇ ಗೋಡೆಯ ಪಕ್ಕ ಮಕ್ಕಳನ್ನು ಮಲಗಿಸುತ್ತಾರೆ. ಇದು ನನಗೆ ನಿಜವಾಗಿ ಸಂಕಟದ ವಿಷಯ. ಕಾರಣ ಹುಡುಕುವುದಕ್ಕೆ ಬೇಕಾಗುವುದು ಜಾಸ್ತಿ ದುಡ್ಡಲ್ಲ, ಸ್ವಲ್ಪ ತಾಳ್ಮೆ.

ಮೊದಲು ಈ ಮನೆಗಳನ್ನು ಹೇಗೆ ಕಟ್ಟಿದರು ಅಂತ ನೋಡೋಣ. ಪಾಯ ಸೈಜುಗಲ್ಲಿನದು. ಮೇಲೆ ಇಟ್ಟಿಗೆ ಗೋಡೆ, ಒಂದು ಅಡಿ, ಒಂದೂವರೆ ಅಡಿ ದಪ್ಪ. ಇಟ್ಟಿಗೆಗಳ ನಡುವೆ ಸಿಮೆಂಟ್ ಇಲ್ಲ. ಸುಣ್ಣದ ಗಾರೆ, ಬಡವರ ಮನೆಯಾದರೆ ಬರೀ ಕೆಮ್ಮಣ್ಣು. ಹೊರಗೂ ಒಳಗೂ ಸುಣ್ಣದ ಗಿಲಾವು. ಇಂಥ ಗೋಡೆ ಮಳೆ ಬಂದಾಗ ಸ್ವಲ್ಪ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಆವಿಯಾಗಿ ಬಿಟ್ಟುಕೊಡುತ್ತದೆ. ನೀರು ಬರುವುದನ್ನು ತಡೆಯುವ ಗೋಡೆ ಇದಲ್ಲ. ಬಂದ ನೀರನ್ನು ಹೊರಗೆ ಕಳಿಸಿ ಒಣಗುವ ಗೋಡೆ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಆ ಕಾಲದಲ್ಲಿ ಬಚ್ಚಲು ಹಿತ್ತಲಿನಲ್ಲಿತ್ತು. ಹಂಡೆ, ಒಲೆ, ಕಲ್ಲು ಹಾಸಿನ ನೆಲ. ಕಕ್ಕಸು ಇನ್ನೂ ಆಚೆ, ಹಿಂದಿನ ಓಣಿಯ ಪಕ್ಕ. ಹೆಸರಘಟ್ಟದ ನೀರು ನಲ್ಲಿಯಲ್ಲಿ ಬಂದದ್ದು 1896ರಲ್ಲಿ. ತಿಪ್ಪಗೊಂಡನಹಳ್ಳಿಯದು 1933ರಲ್ಲಿ. ಕಾವೇರಿ ಬಂದದ್ದು 1974ರಲ್ಲಿ. ನೀರು ಹೆಚ್ಚಾದ ಹಾಗೆ ಬಚ್ಚಲು ಮನೆಯೊಳಗೆ ಬಂತು. ಎಲ್ಲಿಗೆ ಬಂತು? ಜಾಗ ಇದ್ದದ್ದು ಜಂಟಿ ಗೋಡೆಯ ಪಕ್ಕದಲ್ಲಿ, ಅಲ್ಲಿಗೇ ಬಂತು. ಸುಣ್ಣ, ಮಣ್ಣಿನ ಗೋಡೆಯನ್ನು ಕೊರೆದು ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು ಹೂತರು. ಆ ಪೈಪುಗಳಿಗೆ ಈಗ ನಲವತ್ತು, ಐವತ್ತು ವರ್ಷ. ಒಳಗಿನಿಂದ ತುಕ್ಕು ತಿಂದು ಸೂಜಿಮೊನೆಯಷ್ಟು ತೂತು ಬಿದ್ದರೆ ಸಾಕು, ಹಗಲೂ ರಾತ್ರಿ ನೀರು ಗೋಡೆಗೆ ಇಳಿಯುತ್ತಾ ಇರುತ್ತದೆ.

ಈಗ ತೇವದ ವಿಷಯಕ್ಕೆ ಬರುತ್ತೇನೆ. ಜನ ನನ್ನನ್ನು ಕರೆಯುವುದೇ ಹೆಚ್ಚಾಗಿ ಇದಕ್ಕೆ.

ಹೋದ ತಕ್ಷಣ ನಾನು ಗೋಡೆ ನೋಡುವುದಿಲ್ಲ. ಯಾವಾಗ ಜಾಸ್ತಿ ಆಗುತ್ತದೆ ಅಂತ ಕೇಳುತ್ತೇನೆ. ಮಳೆ ಬಂದ ದಿನವೇ ಒದ್ದೆಯಾಗುತ್ತದಾ, ಎರಡು ಮೂರು ದಿನ ಬಿಟ್ಟಾ? ಏಪ್ರಿಲ್‌ನಲ್ಲೂ ಒದ್ದೆ ಇರುತ್ತದಾ? ಬೆಳಿಗ್ಗೆ ಜಾಸ್ತಿಯಾ, ಸಂಜೆ ಜಾಸ್ತಿಯಾ? ಪಕ್ಕದವರು ಊರಿಗೆ ಹೋದಾಗ ಒಣಗಿತ್ತಾ? ಈ ಕೊನೆಯ ಪ್ರಶ್ನೆಗೆ ಮನೆಯ ಹೆಂಗಸರು ಥಟ್ಟನೆ ಉತ್ತರ ಹೇಳುತ್ತಾರೆ, ಗಂಡಸರು ಯೋಚನೆ ಮಾಡುತ್ತಾರೆ. ದಿನವಿಡೀ ಆ ಗೋಡೆಯ ಜೊತೆ ಇರುವವರನ್ನೇ ಕೇಳಬೇಕು.

ಕಡು ಬೇಸಿಗೆಯಲ್ಲೂ ಒದ್ದೆ ಇದ್ದರೆ ಅದು ಮಳೆ ನೀರಲ್ಲ. ಪೈಪಿನದು, ಇಲ್ಲವೇ ಬಚ್ಚಲಿನದು, ಇಲ್ಲವೇ ಒಳಚರಂಡಿಯದು. ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿನ ಪೈಪಿನಲ್ಲಿ ಸದಾ ಒತ್ತಡ ಇರುತ್ತದೆ, ಹಾಗಾಗಿ ಒದ್ದೆ ಒಂದೇ ಸಮ ಇರುತ್ತದೆ. ಬಚ್ಚಲ ನೆಲದಿಂದ ಇಳಿಯುವ ನೀರು ಸ್ನಾನದ ಹೊತ್ತಿಗೆ ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ. ಚರಂಡಿಯದಾದರೆ ವಾಸನೆಯೇ ಹೇಳುತ್ತದೆ, ಜೊತೆಗೆ ಜಿರಳೆ ಕಾಟ.

ಪೈಪು ಸೋರುತ್ತಿದೆಯಾ ಅಂತ ನೋಡಲು ಯಾರನ್ನೂ ಕರೆಯಬೇಕಾಗಿಲ್ಲ. ಬೀದಿ ಪೈಪಿನಿಂದ ಸಂಪಿನ ತನಕದ ದಾರಿಯನ್ನು ನೀರಿನ ಮೀಟರ್ ತೋರಿಸುತ್ತದೆ. ನೀರು ಬಿಟ್ಟಿರುವ ಹೊತ್ತಿನಲ್ಲಿ ಸಂಪಿನ ವಾಲ್ವ್, ನೇರ ನಲ್ಲಿ ಎಲ್ಲ ಮುಚ್ಚಿ ಮೀಟರ್ ನೋಡಿ. ಮುಳ್ಳು ತಿರುಗುತ್ತಿದ್ದರೆ ಆ ದಾರಿಯಲ್ಲೆಲ್ಲೋ ತೂತಿದೆ. ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪಿಗೆ ಬೇರೆ ಪರೀಕ್ಷೆ. ರಾತ್ರಿ ಮಲಗುವ ಮುಂಚೆ ಟ್ಯಾಂಕಿನ ಒಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ರಾತ್ರಿ ಯಾರೂ ನೀರು ಬಳಸಬಾರದು. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಉತ್ತರ ಸಿಕ್ಕಿತು. ಮರುದಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ ಇದನ್ನೇ ಮಾಡಿ. ಆಗಲೂ ಇಳಿದರೆ ಟ್ಯಾಂಕೇ ಸೋರುತ್ತಿದೆ. ಇಳಿಯದಿದ್ದರೆ ಕೆಳಗಿನ ಪೈಪಿನಲ್ಲಿ ದೋಷ. ಫ್ಲಷ್ ಟ್ಯಾಂಕಿನದನ್ನೂ ಮರೆಯಬೇಡಿ. ಅದರೊಳಗೆ ಸ್ವಲ್ಪ ಕುಂಕುಮ ಇಲ್ಲವೇ ಬಣ್ಣದ ಪುಡಿ ಹಾಕಿ. ಫ್ಲಷ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಂಡರೆ ಅದು ಸುಮ್ನೆ ಹರಿಯುತ್ತಿದೆ ಅಂತ ಅರ್ಥ.

ಬಚ್ಚಲ ನೆಲದ ಪರೀಕ್ಷೆಯೂ ಸುಲಭ. ಮೋರಿಯ ಬಾಯಿಗೆ ಬಟ್ಟೆ ತುರುಕಿ ಒಂದು ಇಂಚು ನೀರು ಕಟ್ಟಿ, ಒಂದು ದಿನ ಬಿಡಿ. ಬಣ್ಣ ಕಲಸಿದರೆ ಇನ್ನೂ ಒಳ್ಳೆಯದು. ಪಕ್ಕದ ಮನೆಯ ಗೋಡೆಯಲ್ಲಿ ಇಲ್ಲವೇ ಕೆಳಗಿನ ಮನೆಯ ಸೂರಿನಲ್ಲಿ ಒದ್ದೆ ಏರಿತಾ ಅಂತ ಅವರು ನೋಡಬೇಕು. ಅಂದರೆ ಇದು ಇಬ್ಬರೂ ಸೇರಿ ಮಾಡುವ ಪರೀಕ್ಷೆ. ಒಂದು ಎಚ್ಚರಿಕೆ: ಮರದ ತೊಲೆಗಳ ಮೇಲೆ ಕಟ್ಟಿದ ಬಚ್ಚಲಿನಲ್ಲಿ, ಮೊದಲೇ ಜಗ್ಗಿದ ಸ್ಲ್ಯಾಬಿನ ಮೇಲೆ ಹೀಗೆ ನೀರು ಕಟ್ಟಬೇಡಿ.

ಇನ್ನು ಗೋಡೆಯ ಬುಡದ ತೇವ. ನೆಲದಿಂದ ಮೂರು ಅಡಿಯ ತನಕ, ಗೋಡೆಯ ಉದ್ದಕ್ಕೂ ಒಂದು ಪಟ್ಟಿಯ ಹಾಗೆ ಗಾರೆ ಉದುರುತ್ತದೆ. ಪಟ್ಟಿಯ ಮೇಲಂಚಿನಲ್ಲಿ ಬಿಳಿ ಪುಡಿ. ಇದು ನೆಲದ ನೀರು ಮೇಲಕ್ಕೆ ಹತ್ತಿದ್ದು. ಇಟ್ಟಿಗೆಯಲ್ಲೂ ಗಾರೆಯಲ್ಲೂ ಇರುವ ಸಣ್ಣ ರಂಧ್ರಗಳು ನೀರನ್ನು ಎಳೆದುಕೊಳ್ಳುತ್ತವೆ. ನೀರು ಆವಿಯಾಗುತ್ತದೆ, ಅದರಲ್ಲಿದ್ದ ಉಪ್ಪು ಅಲ್ಲೇ ಉಳಿಯುತ್ತದೆ. ಉಪ್ಪು ಹರಳುಗಟ್ಟುವಾಗ ಉಬ್ಬಿ ಗಾರೆಯನ್ನು ಒಳಗಿನಿಂದ ತಳ್ಳುತ್ತದೆ. ಕೈಯಿಟ್ಟರೆ ಪುಡಿಪುಡಿ.

ನೂರು ವರ್ಷ ಒಣಗಿದ್ದ ಗೋಡೆಗೆ ಈಗ ಯಾಕೆ ನೀರು ಹತ್ತುತ್ತದೆ? ನಿಮ್ಮ ಬೀದಿಗೆ ಹೋಗಿ ನಿಂತು ನೋಡಿ. ಹಿಂದೆ ಮನೆಗೆ ಮೂರು ಮೆಟ್ಟಿಲು ಹತ್ತುತ್ತಿದ್ದಿರಿ. ಈಗ ಎಷ್ಟು ಉಳಿದಿವೆ? ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಡಾಂಬರು, ಅದರ ಮೇಲೆ ಕಾಂಕ್ರೀಟು. ರಸ್ತೆ ಮೇಲೆ ಬಂತು, ಮನೆ ತಗ್ಗಿಗೆ ಹೋಯಿತು. ಪಾಯದ ಕಲ್ಲು ಮಣ್ಣಿನಲ್ಲಿ ಮುಚ್ಚಿಹೋಯಿತು. ಇಟ್ಟಿಗೆ ಗೋಡೆಯೇ ಈಗ ನೆಲಕ್ಕೆ ತಾಗಿಕೊಂಡಿದೆ. ಇದರ ಮೇಲೆ ಕಾಂಪೌಂಡಿನ ಒಳಗೆಲ್ಲ ಟೈಲ್ಸ್ ಹಾಕಿಸುತ್ತೇವೆ. ಮಣ್ಣಿನಿಂದ ಮೇಲಕ್ಕೆ ಹೋಗಬೇಕಿದ್ದ ತೇವಕ್ಕೆ ದಾರಿ ಬಂದ್ ಆಗಿ ಅದು ಗೋಡೆ ಹಿಡಿದು ಹತ್ತುತ್ತದೆ.

ಆಗ ಮೇಸ್ತ್ರಿ ಹೇಳುತ್ತಾರೆ, "ಹಳೇ ಗಾರೆ ಕಿತ್ತಾಕಿ ಸಿಮೆಂಟಲ್ಲಿ ಗಟ್ಟಿಯಾಗಿ ಪ್ಲಾಸ್ಟರಿಂಗ್ ಮಾಡೋಣ ಸಾರ್." ಮಾಡುತ್ತಾರೆ. ಒಂದು ವರ್ಷ ಚೆನ್ನಾಗಿರುತ್ತದೆ. ಆಮೇಲೆ ಮೂರು ಅಡಿಯಲ್ಲಿದ್ದ ತೇವ ಐದು ಅಡಿಯಲ್ಲಿ ಕಾಣಿಸುತ್ತದೆ. ಸಿಮೆಂಟ್ ನೀರನ್ನು ನಿಲ್ಲಿಸಲಿಲ್ಲ. ಹೊರಗೆ ಹೋಗುವ ದಾರಿ ಮುಚ್ಚಿತು, ನೀರು ಇನ್ನೂ ಮೇಲೆ ಹತ್ತಿ ದಾರಿ ಹುಡುಕಿಕೊಂಡಿತು. ಗ್ರಾನೈಟ್ ಹಲಗೆ, ಟೈಲ್ಸ್, ಪ್ಲಾಸ್ಟಿಕ್ ಬಣ್ಣ ಎಲ್ಲದರದೂ ಇದೇ ಕಥೆ. ಹಳೆಯ ಸುಣ್ಣದ ಗೋಡೆಗೆ ಸುಣ್ಣದ ಗಾರೆಯೇ ಸರಿ, ಇದರಲ್ಲಿ ನನಗೆ ಅನುಮಾನ ಇಲ್ಲ. ಮೊದಲು ಹೊರಗಿನ ಮಣ್ಣನ್ನು ತಗ್ಗಿಸಿ, ಗೋಡೆಯ ಬುಡಕ್ಕೆ ನೀರು ನಿಲ್ಲದ ಹಾಗೆ ವಾಟ ಕೊಟ್ಟು, ಆಮೇಲೆ ಗಾರೆ. ಒಣಗಲು ತಿಂಗಳುಗಟ್ಟಲೆ ಬೇಕು. ದಪ್ಪ ಗೋಡೆಯಾದರೆ ಒಂದು ವರ್ಷವೇ ಆದೀತು.

ಬುಡದ ತೇವದ ಹಾಗೆ ಕಾಣುವ ಇನ್ನೊಂದಿದೆ, ತುಂಬ ಜನ ಮೋಸ ಹೋಗುತ್ತಾರೆ. ಎಲ್ಲೂ ಸೋರಿಕೆ ಇಲ್ಲ, ಆದರೂ ಮೋಡ ಕವಿದ ದಿನ ಗೋಡೆಯ ಒಂದು ತುಂಡು ಮಾತ್ರ ಕಪ್ಪಗೆ ಒದ್ದೆಯಾಗುತ್ತದೆ. ಬಿಸಿಲು ಬಂದರೆ ಮಾಯ. ಹಿಂದೆ ಅಲ್ಲಿ ದನದ ಕೊಟ್ಟಿಗೆ ಇತ್ತಾ, ಹಳೆ ಬಚ್ಚಲಿತ್ತಾ ಅಂತ ಹಿರಿಯರನ್ನು ಕೇಳಿ. ಗಂಜಲದಿಂದ, ಕೊಳಚೆಯಿಂದ ಬಂದ ಉಪ್ಪು ಇಟ್ಟಿಗೆಯೊಳಗೆ ಉಳಿದಿರುತ್ತದೆ. ಅದು ಗಾಳಿಯಲ್ಲಿರುವ ತೇವವನ್ನೇ ಹೀರುತ್ತದೆ. ಇದಕ್ಕೆ ಪೈಪು ಹುಡುಕಿ ಗೋಡೆ ಒಡೆದರೆ ಏನೂ ಸಿಗುವುದಿಲ್ಲ. ಎರಡು ಸೂಜಿ ಚುಚ್ಚಿ ತೇವ ಅಳೆಯುವ ಮೀಟರ್ ಕೂಡ ಉಪ್ಪಿರುವ ಗೋಡೆಯಲ್ಲಿ ಸುಳ್ಳು ಹೇಳುತ್ತದೆ, ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಬರೀ ಮೀಟರ್ ಒತ್ತಿ ಕೊಟ್ಟ ವರದಿಯನ್ನು ನಂಬಿ ದೊಡ್ಡ ಖರ್ಚಿಗೆ ಕೈ ಹಾಕಬೇಡಿ.

ಒಳಗಿನ ಹಬೆಯಾ, ಗೋಡೆಯ ನೀರಾ ಅಂತ ಅನುಮಾನ ಬಂದರೆ ಒಂದು ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಮೈಯಲ್ಲಿ ಹನಿ ಇದ್ದರೆ ಅದು ಕೋಣೆಯ ಹಬೆ. ಗೋಡೆಯ ಕಡೆಯ ಮೈಯಲ್ಲಿದ್ದರೆ ಗೋಡೆಯೊಳಗಿನ ನೀರು. ಸಾಲುಮನೆಯ ಮಧ್ಯದ ಕೋಣೆಗೆ ಕಿಟಕಿ ಇರುವುದಿಲ್ಲ. ಮೊದಲು ಬೆಳಕು, ಗಾಳಿ ಬರುತ್ತಿದ್ದದ್ದು ತೊಟ್ಟಿಯಿಂದ, ಇಲ್ಲವೇ ಮಾಳಿಗೆಯ ಗವಾಕ್ಷಿಯಿಂದ. ಮಳೆ, ಕಳ್ಳರು, ಬೆಕ್ಕಿನ ಭಯಕ್ಕೆ ಅದನ್ನು ಮುಚ್ಚಿಸಿರುತ್ತೇವೆ. ಅಂಥ ಕೋಣೆಯಲ್ಲಿ ಬಟ್ಟೆ ಒಣಗಿಸಿದರೆ ಬೂಸ್ಟು ಬಂದೇ ಬರುತ್ತದೆ. ಗವಾಕ್ಷಿ ತೆರೆಸಿ ಜಾಲರಿ ಹಾಕಿಸಿ.

ಮಳೆಯ ತೇವಕ್ಕೆ ದಿಕ್ಕು ನೋಡಿ. ಜೂನ್‌ನಿಂದ ಆಗಸ್ಟ್ ತನಕ ಗಾಳಿ ಪಶ್ಚಿಮದ ಕಡೆಯಿಂದ. ಅಕ್ಟೋಬರ್ ಕೊನೆಯಿಂದ ಈಶಾನ್ಯದ ಕಡೆಯಿಂದ. ಯಾವ ತಿಂಗಳಲ್ಲಿ ಯಾವ ಗೋಡೆ ಒದ್ದೆಯಾಗುತ್ತದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತಾ ಬನ್ನಿ. ಒಂದು ವರ್ಷದ ಗುರುತು ಯಾವ ಯಂತ್ರಕ್ಕಿಂತಲೂ ಜಾಸ್ತಿ ಹೇಳುತ್ತದೆ. ಸಾಲುಮನೆಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಎರಡು ಮಾಳಿಗೆ ಸೇರುವ ಜಾಗ. ಪಕ್ಕದವರು ಇನ್ನೊಂದು ಅಂತಸ್ತು ಎತ್ತಿದಾಗ ಅವರ ಹೊಸ ಗೋಡೆಗೂ ನಿಮ್ಮ ಹಳೆ ಗೋಡೆಗೂ ನಡುವೆ ಎರಡು ಮೂರು ಇಂಚು ಸಂದು ಉಳಿಯುತ್ತದೆ. ಮೇಲಿನಿಂದ ಮುಚ್ಚದಿದ್ದರೆ ಮಳೆ ನೀರೆಲ್ಲ ಅದರೊಳಗೆ. ಅಲ್ಲಿಗೆ ಕೈಯೂ ಹೋಗುವುದಿಲ್ಲ, ಬಿಸಿಲೂ ಹೋಗುವುದಿಲ್ಲ. ಎರಡೂ ಮನೆಯವರು ಒಪ್ಪಿ ಆ ಸಂದಿನ ಬಾಯಿಗೆ ತಗಡಿನ ಮುಚ್ಚಳ ಹಾಕಿಸಿದರೆ ಅರ್ಧ ದಿನದ ಕೆಲಸ. ಅದನ್ನು ಬಿಟ್ಟು ಎರಡೂ ಕಡೆಯವರು ಒಳಗೆ ವಾಟರ್ ಪ್ರೂಫಿಂಗ್ ಮಾಡಿಸುತ್ತಾ ಇರುತ್ತಾರೆ.

ಈಗ ಬಿರುಕು.

ಬಿರುಕು ಕಂಡರೆ ಎಲ್ಲರಿಗೂ ಭಯ. ಆದರೆ ಹೆಚ್ಚಿನ ಬಿರುಕುಗಳಿಂದ ಮನೆ ಬೀಳುವುದಿಲ್ಲ. ಸಾಲುಮನೆಗಳ ದೇಶ ಅಂದರೆ ಇಂಗ್ಲೆಂಡ್. ಅಲ್ಲಿನ ಬಿಲ್ಡಿಂಗ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಬಿರುಕುಗಳನ್ನು ಅಗಲದ ಮೇಲೆ ವಿಂಗಡಿಸಿದೆ. 1 ಮಿಲಿಮೀಟರ್ ತನಕ ಬಹಳ ಸಣ್ಣದು, ಬಣ್ಣ ಹೊಡೆಯುವಾಗ ಮುಚ್ಚಿದರೆ ಸಾಕು. 5ರ ತನಕ ಸಣ್ಣದು. 5ರಿಂದ 15 ಮಧ್ಯಮ, ಬಾಗಿಲು ಕಿಟಕಿ ಬಿಗಿಯಾಗತೊಡಗುತ್ತವೆ. 15ರಿಂದ 25 ಗಂಭೀರ. 25 ದಾಟಿದರೆ ಕಟ್ಟಡವೇ ಅಪಾಯದಲ್ಲಿದೆ. ಈ ಅಳತೆ ನಮಗೂ ದಾರಿ ತೋರಿಸುತ್ತದೆ. ಆದರೆ ಅಲ್ಲಿನ ಕಾರಣಗಳನ್ನು ಇಲ್ಲಿಗೆ ತರಬಾರದು. ಲಂಡನ್ನಿನ ಜೇಡಿಮಣ್ಣು ಒಣಗಿದರೆ ಕುಗ್ಗುತ್ತದೆ, ನೆನೆದರೆ ಉಬ್ಬುತ್ತದೆ. 1976ರ ಬರಗಾಲದಲ್ಲಿ ಅಲ್ಲಿ ಎಷ್ಟೋ ಮನೆಗಳು ಕುಸಿದು ಬಿರುಕು ಬಿಟ್ಟವು. ಮನೆ ಪಕ್ಕದ ಮರ ಅಂದರೆ ಅಲ್ಲಿ ದೊಡ್ಡ ಆರೋಪಿ. ನಮ್ಮ ಕೆಂಪು ಮಣ್ಣು ಹಾಗೆ ಉಬ್ಬಿ ಕುಗ್ಗುವುದಿಲ್ಲ. ಇಂಟರ್ನೆಟ್ಟಿನಲ್ಲಿ ಓದಿ ಬೀದಿಯ ಮರ ಕಡಿಸಲು ಅರ್ಜಿ ಹಾಕಬೇಡಿ, ದಯವಿಟ್ಟು. ಚರಂಡಿ ಪೈಪಿನ ಬಿಟ್ಟ ಜೋಡಣೆಯೊಳಗೆ ಬೇರು ಹೋಗಬಹುದು, ಅದು ಬೇರೆ ಮಾತು. ಗೋಡೆಯ ಸಂದಿನಲ್ಲಿ, ಪ್ಯಾರಾಪೆಟ್‌ನಲ್ಲಿ ಹುಟ್ಟಿದ ಅರಳಿ ಗಿಡವನ್ನು ಮಾತ್ರ ಎರಡು ಎಲೆ ಇರುವಾಗಲೇ ಬೇರು ಸಮೇತ ತೆಗೆಯಿರಿ.

ನೆಲ ಕುಸಿಯುವ ಮಾತು ಬರುವುದು ಕೆರೆಯಂಗಳದಲ್ಲಿ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಹಾಗೆಯೇ ಹೂಳು ತುಂಬಿದ ಕೆರೆ, ಮುಚ್ಚಿದ ರಾಜಕಾಲುವೆ, ಹಳೆ ಬಾವಿಗಳ ಮೇಲೆ ಎಷ್ಟೋ ಮನೆಗಳಿವೆ. ನಿಮ್ಮ ಸಾಲಿನಲ್ಲಿ ಒಂದು ಮನೆ ಮಾತ್ರ ಬಿರುಕು ಬಿಟ್ಟಿದ್ದರೆ ಕೆಳಗೆ ಮುಚ್ಚಿದ ಬಾವಿ ಇದೆಯಾ ಅಂತ ಕೇಳಿ. ಇನ್ನೊಂದು ಕಾರಣ, ಒಡೆದ ಒಳಚರಂಡಿ ಪೈಪು. ಸೋರುವ ನೀರು ದಿನದಿನವೂ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ, ಪಾಯದ ಕೆಳಗೆ ಪೊಳ್ಳು ಬೀಳುತ್ತದೆ.

ಬಿರುಕಿನ ರೂಪ ನೋಡಿ. ಕಿಟಕಿ, ಬಾಗಿಲ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದು ಹಿಡಿದು ಮೆಟ್ಟಿಲುಮೆಟ್ಟಿಲಾಗಿ ಹೋದರೆ ಪಾಯದ ಒಂದು ಕಡೆ ಕೂತಿದೆ. ಮೇಲೆ ಅಗಲ, ಕೆಳಗೆ ಸಣ್ಣ ಆದರೆ ಗೋಡೆಯ ತುದಿ ಕೆಳಗಿಳಿದು ಆಚೆ ವಾಲುತ್ತಿದೆ. ಮಾಳಿಗೆಯ ಸ್ಲ್ಯಾಬಿನ ಕೆಳಗೇ ಅಡ್ಡಕ್ಕೆ ನೇರವಾಗಿ ಓಡಿದ್ದರೆ ಅದು ಬಿಸಿಲಿನ ಕೆಲಸ. 10 ಮೀಟರ್ ಉದ್ದದ ಕಾಂಕ್ರೀಟ್ ಸ್ಲ್ಯಾಬ್ 30 ಡಿಗ್ರಿ ಬಿಸಿ ಏರಿದರೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿನ ಗೋಡೆ ಅಷ್ಟು ಹಿಗ್ಗುವುದಿಲ್ಲ, ಎರಡರ ನಡುವೆ ಬಿಡುತ್ತದೆ. ಸಾಲಿನ ಕೊನೆಯ ಮನೆಯಲ್ಲಿ ಇದು ಜಾಸ್ತಿ. ಇದನ್ನು ಸಿಮೆಂಟ್ ತುಂಬಿ ಮುಚ್ಚಿದರೆ ಮುಂದಿನ ಬೇಸಿಗೆಗೆ ಮತ್ತೆ ಬಿಡುತ್ತದೆ. ಮಾಳಿಗೆಗೆ ಬಿಳಿ ಬಣ್ಣ ಬಳಿದು ಬಿಸಿ ತಗ್ಗಿಸಿ, ಬಿರುಕಿಗೆ ಎಳೆದರೆ ಹಿಗ್ಗುವ ಸೀಲೆಂಟ್ ತುಂಬಿಸಿ. ಹಳೆ ಗೋಡೆಗೆ ಹೊಸ ಗೋಡೆ ಸೇರುವಲ್ಲಿ ನೇರ ಲಂಬ ಬಿರುಕು ಬಂದರೆ ಎರಡನ್ನೂ ಹಲ್ಲು ಬಿಟ್ಟು, ಅಂದರೆ ಒಂದರ ಇಟ್ಟಿಗೆ ಇನ್ನೊಂದರೊಳಗೆ ಕೂರುವ ಹಾಗೆ ಕಟ್ಟಿಲ್ಲ ಅಷ್ಟೇ. ನಾನು ಹೇಳಿದ ಪಾಲಿನ ಗೋಡೆಗಳಲ್ಲಿ ಇದು ಮಾಮೂಲು.

ಬಿರುಕು ಬೆಳೆಯುತ್ತಿದೆಯಾ, ನಿಂತಿದೆಯಾ? ಇದೇ ದೊಡ್ಡ ಪ್ರಶ್ನೆ. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಬಿರುಕಿನ ಅಡ್ಡಕ್ಕೆ ಗಾಜಿನ ಪಟ್ಟಿಯನ್ನು ಎರಡೂ ಕಡೆ ಗಟ್ಟಿಯಾಗಿ ಅಂಟಿಸಿ. ಗಾಜು ಒಡೆದರೆ ಗೋಡೆ ಸರಿದಿದೆ. ತಿಂಗಳಿಗೊಮ್ಮೆ ಸ್ಕೇಲ್ ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಬಿರುಕಿನೊಳಗೆ ಹಳೆ ಬಣ್ಣ, ಜೇಡರ ಬಲೆ ಇದ್ದರೆ ಅದು ಹಳೆಯದು. ಅಂಚು ಚೂಪಾಗಿ, ಒಳಗೆ ಇಟ್ಟಿಗೆಯ ಬಣ್ಣ ತಾಜಾ ಇದ್ದರೆ ಹೊಸದು.

ಈಗ ಬೆಂಗಳೂರಿನ ಹಳೆ ಬೀದಿಗಳಲ್ಲಿ ನನಗೆ ಎಲ್ಲಕ್ಕಿಂತ ಆತಂಕ ತರುವ ವಿಷಯ ಹೇಳುತ್ತೇನೆ. ಸಾಲಿನ ಒಂದು ಮನೆಯನ್ನು ಕೆಡವಿ ನಾಲ್ಕಂತಸ್ತು ಕಟ್ಟುವುದು. ಸಾಲುಮನೆಗಳು ಒಂದಕ್ಕೊಂದು ಭುಜ ಕೊಟ್ಟು ನಿಂತಿರುತ್ತವೆ. ನಡುವಿನದೊಂದನ್ನು ತೆಗೆದರೆ ಪಕ್ಕದ್ದಕ್ಕೆ ಆಸರೆ ಹೋಯಿತು. ಒಳಗೋಡೆಯಾಗಿದ್ದದ್ದು ಮಳೆಗೆ ಮೈಯೊಡ್ಡಿತು. ಅದರ ಮೇಲೆ ಜೆಸಿಬಿ ತಂದು ಪಾರ್ಕಿಂಗ್‌ಗೆ ಅಂತ ನಿಮ್ಮ ಪಾಯದ ಮಟ್ಟಕ್ಕಿಂತ ಕೆಳಗೆ ಅಗೆಯುತ್ತಾರೆ. ನಿಮ್ಮ ಕಲ್ಲಿನ ಪಾಯ ಇರುವುದು ಮೂರು ನಾಲ್ಕು ಅಡಿ ಆಳದಲ್ಲಿ. ಪಕ್ಕದ ಮಣ್ಣು ಜಾರಿದರೆ ಅದೂ ಜಾರುತ್ತದೆ. ಪಕ್ಕದಲ್ಲಿ ಕೆಡವುತ್ತಾರೆ ಅಂತ ಗೊತ್ತಾದ ದಿನವೇ ನಿಮ್ಮ ಮನೆಯ ಪ್ರತಿ ಕೋಣೆಯ ಫೋಟೋ ತಾರೀಕಿನ ಸಮೇತ ತೆಗೆದು ಅವರಿಗೂ ಒಂದು ಪ್ರತಿ ಕೊಡಿ. ಸ್ವಲ್ಪ ಸ್ವಲ್ಪವೇ ಅಗೆದು, ಅಲ್ಲಲ್ಲೇ ಕಟ್ಟುತ್ತಾ ಹೋಗಬೇಕು, ಒಂದೇ ಸಲ ಉದ್ದಕ್ಕೂ ಅಗೆಯಬಾರದು ಅಂತ ಅವರ ಎಂಜಿನಿಯರ್ ಬರೆದುಕೊಡಲಿ. ಇದು ಜಗಳವಲ್ಲ. ಮುಂದೆ ಜಗಳ ಆಗದಿರಲಿ ಅಂತ ಮಾಡುವ ಕೆಲಸ.

ಮಾಳಿಗೆಗೆ ಬರೋಣ. ಹಳೆಯವು ಮದ್ರಾಸ್ ತಾರಸಿ. ಮರದ ತೊಲೆಗಳು, ಅವುಗಳ ಮೇಲೆ ಸುಣ್ಣದ ಗಾರೆಯಲ್ಲಿ ಓರೆಯಾಗಿ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಇಟ್ಟಿಗೆ ಚೂರು ಸುಣ್ಣದ ಕಾಂಕ್ರೀಟನ್ನು ದಿನಗಟ್ಟಲೆ ಬಡಿದು ಕೂರಿಸಿದ ಪದರ. ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕಿ ಬಡಿಯುತ್ತಿದ್ದರು. ಇದರಲ್ಲಿ ಮೊದಲು ಹಾಳಾಗುವುದು ತೊಲೆಯ ನಡುಭಾಗವಲ್ಲ, ಗೋಡೆಯೊಳಗೆ ಹೂತ ತುದಿ. ಅಲ್ಲಿ ಗಾಳಿ ಇಲ್ಲ, ಗೋಡೆಯ ತೇವವೆಲ್ಲ ಮರಕ್ಕೆ. ಗೋಡೆಗೆ ತಾಗಿದ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ ಮರ ಕೊಳೆತಿದೆ. ಸುತ್ತಿಗೆಯ ಹಿಡಿಯಿಂದ ತೊಲೆಯ ಉದ್ದಕ್ಕೂ ತಟ್ಟಿ, ಶಬ್ದ ಬದಲಾಗುವ ಜಾಗ ಗುರುತಿಸಿ. ಗೆದ್ದಲಿನ ಮಣ್ಣಿನ ಗೆರೆ ಇದ್ದರೆ ಒರೆಸಿ ಸುಮ್ಮನಾಗಬೇಡಿ, ಅದು ಎಲ್ಲಿಂದ ಹೊರಟಿದೆ ಅಂತ ನೆಲದ ತನಕ ಹುಡುಕಿ.

ಇಂಥ ಮಾಳಿಗೆಯ ಮೇಲೆ 1000 ಲೀಟರ್ ಟ್ಯಾಂಕ್ ಇಟ್ಟರೆ ಅದು ಒಂದು ಟನ್ ತೂಕ. ತೊಲೆಗಳ ನಡುವಿನಲ್ಲಿ ಇಡುವುದನ್ನು ಎಷ್ಟೋ ಕಡೆ ನೋಡುತ್ತೇನೆ. ಗೋಡೆಯ ಮೇಲೆ ಭಾರ ಬರುವ ಹಾಗೆ ಸರಿಸಬೇಕು. ಸೋರಿದಾಗಲೆಲ್ಲ ಮೇಲೆ ಒಂದು ಇಂಚು ಕಾಂಕ್ರೀಟ್ ಹಾಸುವುದೂ ಹಾಗೆಯೇ. 10 ಅಡಿ, 12 ಅಡಿಯ ಕೋಣೆಗೆ ಒಂದು ಇಂಚಿನ ಪದರ ಅಂದರೆ 650 ಕಿಲೋಗಿಂತ ಜಾಸ್ತಿ. ಮೂರು ಸಲ ಹಾಸಿದ ಮನೆಗಳಿವೆ. ಲೆಕ್ಕ ನೀವೇ ಹಾಕಿ.

ಆಮೇಲಿನ ಮನೆಗಳದು ಆರ್‌ಸಿಸಿ, ಅಂದರೆ ಒಳಗೆ ಕಬ್ಬಿಣದ ಕಂಬಿ ಇಟ್ಟ ಕಾಂಕ್ರೀಟ್. ಸೂರಿನಲ್ಲಿ ಕಂಬಿಯ ಉದ್ದಕ್ಕೂ ಕಂದು ಗೆರೆ, ಆಮೇಲೆ ಕಾಂಕ್ರೀಟ್ ಹಪ್ಪಳೆ ಕಳಚಿ ಬೀಳುವುದು. ಹೊಸ ಕಾಂಕ್ರೀಟಿನ ಕ್ಷಾರ ಕಂಬಿಯನ್ನು ತುಕ್ಕಿನಿಂದ ಕಾಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷ ಕಳೆದಂತೆ ಒಳಗೆ ಇಳಿದು ಆ ಕ್ಷಾರವನ್ನು ತಗ್ಗಿಸುತ್ತದೆ. ನೀರೂ ಸೇರಿದರೆ ಕಂಬಿ ತುಕ್ಕು ಹಿಡಿದು ಹಲವು ಪಟ್ಟು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ಎಂಜಿನಿಯರ್‌ಗಳು ಒಡೆದ ಮೈಗೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿ ನೋಡುತ್ತಾರೆ. ಗುಲಾಬಿ ಬಣ್ಣ ಬಂದ ಕಡೆ ಕ್ಷಾರ ಇನ್ನೂ ಇದೆ. ಬಣ್ಣ ಬರದ ಭಾಗ ಕಂಬಿಯ ತನಕ ಹೋಗಿದ್ದರೆ ಕಂಬಿಗೆ ರಕ್ಷಣೆ ಇಲ್ಲ. ಆಗ ತುಕ್ಕು ಕೆರೆಯದೆ ಮೇಲೆ ಪ್ಲಾಸ್ಟರಿಂಗ್ ಮಾಡಿಸಿದರೆ ಅದೂ ತಲೆ ಮೇಲೆ ಬೀಳುತ್ತದೆ.

ಕಾಯಬಾರದ ಲಕ್ಷಣಗಳೂ ಇವೆ. ಬಿರುಕು ವಾರದೊಳಗೆ ಅಗಲವಾಗುವುದು, ತೆರೆಯುತ್ತಿದ್ದ ಬಾಗಿಲು ಏಕಾಏಕಿ ಸಿಕ್ಕಿಕೊಳ್ಳುವುದು, ಗೋಡೆಯ ನಡುವೆ ಹೊಟ್ಟೆ ಬರುವುದು, ಪಿಲ್ಲರ್ ಬುಡದಲ್ಲಿ ಕಾಂಕ್ರೀಟ್ ಸಿಡಿಯುವುದು, ರಾತ್ರಿ ಲಟಲಟ ಶಬ್ದ. 2021ರ ಸೆಪ್ಟೆಂಬರ್‌ನಲ್ಲಿ ಲಕ್ಕಸಂದ್ರದಲ್ಲಿ ಮೂರಂತಸ್ತಿನ ಹಳೆ ಕಟ್ಟಡ ಕುಸಿದದ್ದು ನಿಮಗೆ ನೆನಪಿರಬಹುದು. ಒಳಗಿದ್ದವರು ಮೊದಲೇ ಹೊರಗೆ ಬಂದಿದ್ದರು, ಹಾಗಾಗಿ ಜೀವ ಉಳಿಯಿತು. ಇಂಥ ಲಕ್ಷಣ ಕಂಡರೆ ಮೊದಲು ಎಲ್ಲರೂ ಹೊರಗೆ ಬನ್ನಿ, ಪಕ್ಕದ ಮನೆಯವರನ್ನೂ ಎಬ್ಬಿಸಿ. ಆಮೇಲೆ ಎಂಜಿನಿಯರ್‌ಗೆ ಫೋನ್ ಮಾಡಿ.

ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬರು ಕೇಳಿದರು: "ಪಕ್ಕದವರ ಬಚ್ಚಲಿಂದಲೇ ಬರ್ತಿದೆ ಅಂತ ಗೊತ್ತು ಸಾರ್. ಅವರು ಒಪ್ಪಲ್ಲ. ಏನ್ ಮಾಡೋದು?"

ಮೊದಲು ನಿಮ್ಮ ಮನೆಯ ಪರೀಕ್ಷೆಗಳನ್ನು ಮುಗಿಸಿ, ಬರೆದಿಡಿ. ಟ್ಯಾಂಕ್ ನೋಡಿದೆವು, ಪೈಪ್ ನೋಡಿದೆವು, ಬೇಸಿಗೆಯಲ್ಲೂ ಒದ್ದೆ ಇತ್ತು ಅಂತ ತೋರಿಸಿ. "ನಿಮ್ಮದೇ ತಪ್ಪು" ಅಂತ ಶುರು ಮಾಡಿದರೆ ಯಾರೂ ಬಾಗಿಲು ತೆಗೆಯುವುದಿಲ್ಲ. ಗೋಡೆ ಇಬ್ಬರದೂ. ಅದರೊಳಗಿನ ತೊಲೆಯ ತುದಿ ಕೊಳೆತರೆ ಅವರ ಮಾಳಿಗೆಯೂ ಇಳಿಯುತ್ತದೆ. ಇದನ್ನು ಅವರಿಗೆ ತಿಳಿಸಿ. ಇಬ್ಬರೂ ಒಪ್ಪುವ ಒಬ್ಬ ಎಂಜಿನಿಯರ್‌ನನ್ನು ಕರೆಸಿ, ಶುಲ್ಕ ಅರ್ಧ ಅರ್ಧ ಹಾಕಿ. ಒಬ್ಬರೇ ದುಡ್ಡು ಕೊಟ್ಟು ಕರೆಸಿದವರ ಮಾತನ್ನು ಇನ್ನೊಬ್ಬರು ನಂಬುವುದು ಕಷ್ಟ.

ಒಬ್ಬ ತರುಣ, "ವಾಟರ್ ಪ್ರೂಫಿಂಗ್‌ನವರು ಹತ್ತು ವರ್ಷ ಗ್ಯಾರಂಟಿ ಕೊಡ್ತಾರಲ್ಲ?" ಅಂತ ಕೇಳಿದರು. ನೀರು ಎಲ್ಲಿಂದ ಬರುತ್ತಿದೆ ಅಂತ ಅವರು ಹೇಗೆ ಕಂಡುಹಿಡಿದರು ಅಂತ ಕೇಳಿ. ಆ ಪ್ರಶ್ನೆಗೆ ಉತ್ತರ ಕೊಡದವರ ಗ್ಯಾರಂಟಿ ಕಾಗದದ್ದು ಮಾತ್ರ.

ಕೊನೆಗೆ ವಯಸ್ಸಾದ ಅಮ್ಮನೊಬ್ಬರು ಎದ್ದರು. ವಠಾರದ ಮನೆಯಲ್ಲಿ ಅವರು ಬಾಡಿಗೆಗಿದ್ದಾರೆ. "ಮಾಲೀಕರು ಏನೂ ಮಾಡಿಸಲ್ಲಪ್ಪ. ನನ್ ಕೈಲಿ ಆಗೋದು ಏನಾದ್ರೂ ಇದ್ರೆ ಹೇಳು."

ಅಮ್ಮಾ, ಮೇ ತಿಂಗಳು ಮುಗಿಯುವ ಮುಂಚೆ ಮಾಳಿಗೆಯ ನೀರು ಹೋಗುವ ತೂತಿನಲ್ಲಿರುವ ಎಲೆ, ಕಸ ತೆಗೆಸಿ. ಅದೊಂದು ಕಟ್ಟಿಕೊಂಡರೆ ಇಡೀ ಸಾಲಿಗೆ ನೀರು ನಿಲ್ಲುತ್ತದೆ. ಸೆಪ್ಟೆಂಬರ್‌ನಲ್ಲಿ ಜೋರು ಮಳೆ ಬರುವ ಮುಂಚೆ ಇನ್ನೊಮ್ಮೆ ತೆಗೆಸಿ. ಒದ್ದೆ ಗೋಡೆಗೆ ಬೀರು, ಹಾಸಿಗೆ ತಾಗಿಸಬೇಡಿ, ಒಂದು ಗೇಣು ಬಿಡಿ. ಆ ಗೋಡೆಯಲ್ಲಿ ಕರೆಂಟಿನ ಸ್ವಿಚ್ ಇದ್ದರೆ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಕರೆಸಿ ಲೈನ್ ತಪ್ಪಿಸಿ. ಮಿಕ್ಕ ಕೆಲಸಕ್ಕೆ ಮೊದಲು ಇದು. ಬಿರುಕಿನ ಪಕ್ಕ ತಾರೀಕು ಬರೆಯುವುದಕ್ಕೆ ನಿಮ್ಮ ಮೊಮ್ಮಗನಿಗೆ ಹೇಳಿ. ಮಾಲೀಕರು ಬಾಡಿಗೆಗೆ ಬಂದಾಗ ಅವರಿಗೆ ಆ ತಾರೀಕುಗಳನ್ನು ತೋರಿಸಿ.